ಜ್ವರ ಬಿಟ್ಟಿತೆಂದು ಮಲೇರಿಯಾ ಮಾತ್ರೆ ಬಿಡಬೇಡಿ

‘ಮಲೇರಿಯಾಕ್ಕೆ ಮೂರು ದಿನದ ಮಾತ್ರೆ ಸಾಕು, 14 ದಿನದ್ದು ಸುಮ್ನೆ ಕೊಡ್ತಾರೆ, ಲಿವರ್ ಹಾಳಾಗುತ್ತೆ’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಮಂಗಳೂರು ಕಡೆ ಜಾಸ್ತಿ ಕಾಣುವುದು ವೈವಾಕ್ಸ್ ಮಲೇರಿಯಾ. ಅದಕ್ಕೆ ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರಿಮಾಕ್ವಿನ್. ಎರಡರ ಕೆಲಸ ಬೇರೆ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಆದರೆ ಕೆಲವು ರೋಗಾಣು ಲಿವರಿನಲ್ಲಿ ಸದ್ದಿಲ್ಲದೆ ಮಲಗಿರುತ್ತವೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು, ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ ಮತ್ತೆ ಚಳಿಜ್ವರ ತರುತ್ತವೆ. ಅವನ್ನು ಮುಗಿಸುವುದೇ ಪ್ರಿಮಾಕ್ವಿನ್. ಲಿವರಿಗೆ ಉಪಕಾರವೇ ಆಯ್ತು, ಅಲ್ವಾ?

ಹಾಗಂತ ಎಲ್ಲರಿಗೂ ಆಗುವ ಮಾತ್ರೆ ಅಲ್ಲ. ಗರ್ಭಿಣಿಯರಿಗೆ, ಎಳೆಕೂಸುಗಳಿಗೆ ಕೊಡುವುದಿಲ್ಲ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವವರಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆಯಬಹುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರ ಬಳಿ ಹೋಗಿ.

ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ಹಿಂಡುತ್ತದೆ. ಊಟ ಆದ ಮೇಲೆ ತಗೊಳ್ಳಿ. ಪಕ್ಕದ ಮನೆಯವರು ಉಳಿಸಿಟ್ಟ ಸ್ಟ್ರಿಪ್ ಮಾತ್ರ ಬೇಡ. ಡೋಸ್ ಕೊಡುವುದು ನಿಮ್ಮ ತೂಕ ನೋಡಿ, ಅವರದ್ದಲ್ಲ.