ಮನೆ ಕೆಟ್ಟಿದೆಯಾ, ಗಾಡಿ ಕೆಟ್ಟಿದೆಯಾ?

ಮೋಟರ್‌ಹೋಮ್ (ಒಳಗೇ ವಾಸ ಮಾಡುವಂಥ, ಓಡುವ ಮನೆ) ಇಟ್ಟುಕೊಂಡವರನ್ನು ಅಮೆರಿಕದಲ್ಲಿ ಯಾರೂ 'ಟ್ರಿಪ್ ಚೆನ್ನಾಗಿತ್ತಾ' ಅಂತ ಕೇಳುವುದಿಲ್ಲ. 'ಈ ಸಲ ಏನು ಕೆಡ್ತು?' ಅಂತಾರೆ. ಅದಾದ ಮೇಲೆ, 'ಕವರ್ ಆಯ್ತಾ?' ಅಂದರೆ, ರಿಪೇರಿ ಖರ್ಚನ್ನು ಸರ್ವಿಸ್ ಪ್ಲಾನ್‌ನವರು ಕೊಟ್ಟರಾ ಅಂತ. ಮೊದಲೇ ದುಡ್ಡು ಕಟ್ಟಿ ಕೊಳ್ಳುವ ಎಕ್ಸ್‌ಟೆಂಡೆಡ್ ವಾರಂಟಿಗೆ ಆ ಹೆಸರು. ಮೊದಲನೆಯ ಪ್ರಶ್ನೆಗೆ ನಿಂತಲ್ಲೇ ಉತ್ತರ ಹೇಳಬಹುದು. ಎರಡನೆಯದಕ್ಕೆ ಕೂತು ಮಾತಾಡಬೇಕು, ಕಾಫಿ ಇದ್ದರೆ ಒಳ್ಳೆಯದು.

ನೋಡದವರಿಗೆ ಹೇಳುತ್ತೇನೆ. ನಮ್ಮದು ಕ್ಲಾಸ್ ಸಿ ಅನ್ನೋ ಜಾತಿ. ಕೆಳಗೆ ಫೋರ್ಡ್‌ನ ಇ-450 ಚಾಸಿ, ಅಂದರೆ ಎಂಜಿನ್ನು ಚಕ್ರ ಇರುವ ಅಡಿಗಟ್ಟು. ಅದರ ಮೇಲೆ ಬೇರೆ ಕಂಪನಿಯವರು ಕಟ್ಟಿದ ಮನೆ: ಗ್ಯಾಸ್ ಒಲೆ, ಫ್ರಿಜ್, ಬಚ್ಚಲು, ಹಾಸಿಗೆ, ಡ್ರೈವರ್ ತಲೆ ಮೇಲೆ ಒಂದು ಅಟ್ಟ. ಫ್ರಿಜ್ ಮಾಡಿದವರು ಇನ್ನೊಬ್ಬರು, ಜನರೇಟರ್ ಮಾಡಿದವರು ಮತ್ತೊಬ್ಬರು. ಇಂಥ ಗಾಡಿಗಳಲ್ಲಿ ಬಹುಪಾಲು ತಯಾರಾಗೋದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ನಾವು ಕೊಂಡದ್ದು ಫೀನಿಕ್ಸ್‌ನಲ್ಲಿ, ಸೆಕೆಂಡ್ ಹ್ಯಾಂಡ್.

ಗಾಡಿ ಮನೆ ಮುಂದೆ ಬಂದು ನಿಂತಾಗ ಅತ್ತೆ ಮಾವ ದಾವಣಗೆರೆಯಿಂದ ಬಂದಿದ್ದರು. ಅತ್ತೆ ಒಂದು ಸುತ್ತು ಹಾಕಿ ಬಂದು ಕೇಳಿದರು, "ಇದಕ್ಕೆ ಗೃಹಪ್ರವೇಶ ಮಾಡೋದೋ, ವಾಹನ ಪೂಜೆ ಮಾಡೋದೋ?"

ಇಬ್ಬರಿಗೂ ಬೇಜಾರಾಗೋದು ಬೇಡ ಅಂತ ಎರಡನ್ನೂ ಮಾಡಿದೆವು. ಒಳಗೆ ಒಲೆ ಮೇಲೆ ಹಾಲುಕ್ಕಿಸಿ, ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆ ತೋರಣ ಕಟ್ಟಿದ್ದಾಯಿತು. ಹೊರಗೆ ಆರು ಟೈರಿಗೂ ನಿಂಬೆಹಣ್ಣು. ಪಕ್ಕದ ಮನೆಯ ಅಜ್ಜ ಬೇಲಿಯಾಚೆ ನಿಂತು ನೋಡುತ್ತಿದ್ದ. ಕೆಟ್ಟ ಗಾಡಿಗೆ ಇಲ್ಲಿನವರು 'ಲೆಮನ್' ಅಂತಲೇ ಬೈಯೋದು. ಕೊಂಡ ದಿನವೇ ಹುಡುಕಿ ಹುಡುಕಿ ನಿಂಬೆಹಣ್ಣಿನ ಮೇಲೆ ಹತ್ತಿಸಿದ್ದನ್ನು ಕಂಡು ಪಾಪ ಏನಂದುಕೊಂಡನೋ.

ಅತ್ತೆಯ ಪ್ರಶ್ನೆಗೆ ನಾವು ನಕ್ಕಿದ್ದೇನೋ ನಿಜ. ಆದರೆ ಕೆಟ್ಟ ಗಾಡಿ ಕೊಂಡವರನ್ನು ಕಾಯುವ ಅರಿಜೋನಾದ ಲೆಮನ್ ಕಾನೂನು ಕೂಡ ಅದನ್ನೇ ಕೇಳುತ್ತೆ ಅಂತ ಆಮೇಲೆ ಗೊತ್ತಾಯಿತು. ಹೊಸ ಮೋಟರ್‌ಹೋಮ್ ಪದೇ ಪದೇ ಕೆಟ್ಟರೆ ಆ ಕಾನೂನು ಚಾಸಿಗೂ ಓಡುವ ಭಾಗಕ್ಕೂ ಅನ್ವಯ. ವಾಸ ಮಾಡುವ ಭಾಗಕ್ಕೆ ಇಲ್ಲ. ಅಂದರೆ ಎಂಜಿನ್ ಲೆಮನ್ ಆಗಬಹುದು, ಬಚ್ಚಲು ಆಗಕೂಡದು!

ಸರ್ವಿಸ್ ಪ್ಲಾನ್ ನಮ್ಮ ಕೈಗೆ ಬಂದದ್ದು ಫೈನಾನ್ಸ್ ರೂಮಿನಲ್ಲಿ. ಗಾಡಿ ಮಾರುವವನು ಹೊರಗೆ, ಸುಸ್ತಾದ ಗಿರಾಕಿಗೆ ಉಳಿದದ್ದನ್ನೆಲ್ಲ ಮಾರುವವನು ಒಳಗೆ, ಹಾಗಿರುತ್ತೆ ಇಲ್ಲಿನ ವ್ಯವಸ್ಥೆ. ಒಳಗಿದ್ದ ಹುಡುಗ ನೀರಿನ ಬಾಟಲಿ ಕೊಟ್ಟು, "ಬಂಪರಿನಿಂದ ಬಂಪರಿನವರೆಗೆ ಕವರ್" ಅಂದ. ಮಾವ ನನ್ನ ಕಿವಿಯಲ್ಲಿ, "ಬಂಪರ್‌ಗಳು ಸೇರ್ತವಾ ಕೇಳಿ" ಅಂದರು. ಕೆಎಸ್ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು ಅವರು. ಕೇಳಿದೆ. ಸೇರುವುದಿಲ್ಲವಂತೆ.

ನನ್ನ ಹೆಂಡತಿ ಆಡಿಟ್ ಕೆಲಸದವಳು. ಇಡೀ ಒಪ್ಪಂದವನ್ನು ಹಳದಿ ಪೆನ್ ಹಿಡಿದು ಓದಿದಳು. ಹುಡುಗ ಎರಡು ಸಲ ಗಡಿಯಾರ ನೋಡಿದ, ಇವಳು ತಲೆ ಎತ್ತಲಿಲ್ಲ. ಇಂಥ ಪ್ಲಾನ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಏನೇನು ಕವರ್ ಆಗುತ್ತೆ ಅಂತ ಪಟ್ಟಿ ಇರುತ್ತೆ, ಅದರಲ್ಲಿಲ್ಲದ್ದು ಇಲ್ಲ. ಇನ್ನೊಂದರಲ್ಲಿ ಏನು ಕವರ್ ಆಗೋದಿಲ್ಲ ಅಂತ ಪಟ್ಟಿ, ಉಳಿದದ್ದೆಲ್ಲ ಇದೆ. ಎರಡನೆಯದು ದುಬಾರಿ, ಆದರೆ ವಾಸಿ. ನಾವು ಅದನ್ನೇ ತಗೊಂಡೆವು, ಚೌಕಾಸಿ ಮಾಡಿ. ಈ ಪ್ಲಾನ್‌ಗಳ ಬೆಲೆ ಇಳಿಯುತ್ತೆ, ಕೇಳಬೇಕು ಅಷ್ಟೇ.

ಆ 'ಇಲ್ಲ' ಪಟ್ಟಿ ಓದಲು ಮಜವಾಗಿತ್ತು. ಟೈರ್ ಇಲ್ಲ. ಬ್ಯಾಟರಿ ಇಲ್ಲ. ಹೊರಗೆ ಬಿಚ್ಚುವ ನೆರಳಿನ ಬಟ್ಟೆ ಇಲ್ಲ. ಚಾವಣಿಯ ಸಂದಿಗೆ ಬಳಿದ ಅಂಟು ಇಲ್ಲ. ಆ ಅಂಟು ಬಿಟ್ಟು ನೀರು ಸೋರಿದರೆ, ಸೋರಿ ಕಟ್ಟಿಗೆ ಕೊಳೆತರೆ, ಅದೂ ಇಲ್ಲ. ಸವೆತ ಇಲ್ಲ. ಮೇಂಟೆನೆನ್ಸ್ ನಮ್ಮದು, ಅದರ ರಶೀದಿಗಳನ್ನು ಇಟ್ಟುಕೊಳ್ಳುವುದೂ ನಮ್ಮದು. ಕೊನೆಗೆ ಒಂದು ಸಾಲು: ಇಲಿ, ಹೆಗ್ಗಣ, ಹುಳುಹುಪ್ಪಟೆ ಮಾಡಿದ ಹಾನಿ ಇಲ್ಲ. ಹೆಂಡತಿ ಅದಕ್ಕೂ ಹಳದಿ ಬಳಿದಳು.

ಮೊದಲು ಕೆಟ್ಟದ್ದು ಫ್ರಿಜ್. ಈ ಫ್ರಿಜ್‌ನಲ್ಲಿ ಮನೆಯ ಫ್ರಿಜ್ ಥರ ಕಂಪ್ರೆಸರ್ ಇರುವುದಿಲ್ಲ. ಗ್ಯಾಸ್ ಉರಿಯಲ್ಲಿ ಅಮೋನಿಯಾ ಕಾಸಿ ತಣ್ಣಗೆ ಮಾಡುತ್ತೆ. ಬೆಂಕಿ ಹಚ್ಚಿ ತಂಪು ಮಾಡೋದು ಅತ್ತೆಗೆ ಕೊನೆವರೆಗೂ ನಂಬಿಕೆ ಬರಲಿಲ್ಲ. ಗಾಡಿ ಓರೆಯಾಗಿ ನಿಂತಿದ್ದಾಗ ಅದನ್ನು ಓಡಿಸಿದರೆ ಒಳಗಿನ ದ್ರವ ಸರಿಯಾಗಿ ಹರಿಯದೆ ಕೂಲಿಂಗ್ ಯೂನಿಟ್ಟೇ ಹೋಗುತ್ತೆ. ಹಾಗಾಗಿ ಪ್ಲಾನ್ ಕಂಪನಿಯವರ ಮೊದಲ ಪ್ರಶ್ನೆ, "ಗಾಡಿ ಸಮ ನಿಂತಿತ್ತಾ?" ಮಾವ ಎಲ್ಲಿ ನಿಲ್ಲಿಸಿದರೂ ರಸಮಟ್ಟ ಇಟ್ಟು ಗುಳ್ಳೆ ನಡುವೆ ಬರುವವರೆಗೂ ಚಕ್ರದ ಕೆಳಗೆ ಹಲಗೆ ತುರುಕುವವರು. ಅದರ ಫೋಟೋಗಳೇ ನಮ್ಮ ಹತ್ತಿರ ಇದ್ದವು. ಕಳಿಸಿದೆವು. ಕ್ಲೇಮ್ ಪಾಸಾಯಿತು! ಎರಡು ಸಾವಿರ ಡಾಲರ್ ಆಸುಪಾಸಿನ ಬಿಲ್ಲಿಗೆ ನಾವು ಕೊಟ್ಟದ್ದು 200 ಡಾಲರ್ ಡಿಡಕ್ಟಬಲ್, ಅಂದರೆ ನಮ್ಮ ಕೈಯಿಂದ ಕೊಡಬೇಕಾದ ಪಾಲು, ಅಷ್ಟೇ. ಒಳಗಿದ್ದ ದೋಸೆ ಹಿಟ್ಟು ಹುಳಿ ಬಂದು ಡಬ್ಬಿ ಮುಚ್ಚಳ ಹಾರಿಸಿತ್ತು. ಅದು ಪರಿಣಾಮದಿಂದಾದ ನಷ್ಟ, ಕವರ್ ಇಲ್ಲ.

ಹೀಗೆ ಪ್ಲಾನ್ ಮೇಲೆ ಪ್ರೀತಿ ಹುಟ್ಟಿದ ಸಮಯದಲ್ಲೇ ನಾವು ಪೇಜ್ ಅನ್ನೋ ಊರಿಗೆ ಹೋದದ್ದು. ಅರಿಜೋನಾದ ಉತ್ತರ ತುದಿ, ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಪಕ್ಕ. ಕೊಲೊರಾಡೊ ನದಿ ಕುದುರೆ ಲಾಳದ ಆಕಾರದಲ್ಲಿ ತಿರುಗುವ ಜಾಗ ಅಲ್ಲೇ ಇದೆ, ನೋಡಲೇಬೇಕು. ಆದರೆ ದೊಡ್ಡ ರಿಪೇರಿ ಅಂಗಡಿ ಬೇಕಂದರೆ ಫ್ಲ್ಯಾಗ್‌ಸ್ಟಾಫ್, 135 ಮೈಲಿ ದಕ್ಷಿಣಕ್ಕೆ.

ನಮ್ಮ ಗಾಡಿಯಲ್ಲಿ ಸ್ಲೈಡ್-ಔಟ್ ಇದೆ. ಗಾಡಿ ನಿಲ್ಲಿಸಿ ಗುಂಡಿ ಒತ್ತಿದರೆ ಒಂದು ಕಡೆಯ ಗೋಡೆ, ಸೋಫಾ ಊಟದ ಮೇಜು ಸಮೇತ, ಎರಡೂವರೆ ಅಡಿ ಹೊರಗೆ ಜಾರುತ್ತೆ. ಒಳಗೆ ಓಡಾಡಲು ಜಾಗ ಸಿಗುತ್ತೆ. ಗೋಡೆ ಒಳಗೆ ಸೇರದೆ ಗಾಡಿ ಹೊರಡುವ ಹಾಗಿಲ್ಲ. ಬೆಳಿಗ್ಗೆ ಅದನ್ನು ಒಳಗೆಳೆಯಲು ಗುಂಡಿ ಒತ್ತಿದೆ. 'ಟಕ್' ಅಂತು. ಮತ್ತೆ ಒತ್ತಿದೆ. 'ಟಕ್'. ಗೋಡೆ ಅಲ್ಲಾಡಲಿಲ್ಲ. ಅತ್ತೆ ಆ ಸೋಫಾದ ಮೇಲೇ ಕೂತು ವಿಷ್ಣು ಸಹಸ್ರನಾಮ ಓದುತ್ತಿದ್ದರು. ಮಧ್ಯದಲ್ಲಿ ಏಳುವ ಹಾಗಿಲ್ಲ. ಮಾವನಿಗೆ ಭಾರ ಜಾಸ್ತಿಯಾಗಿದೆ ಅಂತ ಅನುಮಾನ. ಬಾಯಿ ಬಿಟ್ಟು ಹೇಳಲಿಲ್ಲ, ಕಣ್ಣಲ್ಲೇ ತೋರಿಸಿದರು.

ಸಹಸ್ರನಾಮ ಮುಗಿಯಿತು, ಅತ್ತೆ ಎದ್ದರು, ಗೋಡೆ ಏಳಲಿಲ್ಲ.

ಪ್ಲಾನ್ ಕಂಪನಿಗೆ ಫೋನ್ ಮಾಡಿದೆವು. ಇಲ್ಲೊಂದು ಮಾತು ಹೇಳಬೇಕು. 'ನಿಮ್ಮ ಕಾರಿನ ಎಕ್ಸ್‌ಟೆಂಡೆಡ್ ವಾರಂಟಿ ಮುಗಿಯುತ್ತಿದೆ' ಅಂತ ರೆಕಾರ್ಡ್ ಮಾಡಿದ ಧ್ವನಿ ಬರುವ ಕಳ್ಳ ಕರೆಗಳು ಅಮೆರಿಕದಲ್ಲಿ ಮನೆಮಾತು. ಅಂಥದ್ದೇ ಒಂದು ಜಾಲ 2021ರಲ್ಲಿ ಮೂರೇ ತಿಂಗಳಲ್ಲಿ 500 ಕೋಟಿಗೂ ಹೆಚ್ಚು ಕರೆ ಮಾಡಿತ್ತು. 2023ರಲ್ಲಿ ಎಫ್‌ಸಿಸಿ (ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ) ಅದಕ್ಕೆ ಹಾಕಿದ ದಂಡ ಸುಮಾರು 30 ಕೋಟಿ ಡಾಲರ್. ವಾರಂಟಿ ಮಾರಲು ಇಷ್ಟು ಜನ ಇದ್ದಾರೆ, ವಾರಂಟಿ ಕೇಳಿದರೆ ಮಾತ್ರ ಸಂಗೀತ ಹಾಕಿ ಕೂರಿಸುತ್ತಾರೆ. ಸ್ಯಾಕ್ಸೊಫೋನ್. ಒಂದೇ ರಾಗ.

ಕೊನೆಗೆ ಬಂದ ಹುಡುಗಿ ಬಹಳ ಮರ್ಯಾದಸ್ಥೆ. "ನಾವು ಒಪ್ಪಿಗೆ ಕೊಡುವ ತನಕ ರಿಪೇರಿ ಶುರುಮಾಡಬೇಡಿ" ಅಂದಳು. ಕಾರಣ ಹುಡುಕಲು ಬಿಚ್ಚುವ ಕೂಲಿ, ಕಾರಣ ಕವರ್ ಆದರೆ ಅವರದು, ಆಗದಿದ್ದರೆ ನಮ್ಮದು. ಮಾವ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಚಡಪಡಿಸುತ್ತಿದ್ದರು. "ಡಿಪೋದಲ್ಲಿ ನಮ್ಮನ್ನ 'ಯಾವಾಗ ಬಿಡ್ತೀರಿ' ಅಂತ ಕೇಳ್ತಿದ್ರು. ಇವರೇನಮ್ಮ, ಯಾಕೆ ಕೆಡ್ತು ಯಾಕೆ ಕೆಡ್ತು ಅಂತಾರೆ" ಅಂದರು ಮಗಳಿಗೆ.

ನಮ್ಮ ಪ್ಲಾನ್‌ನಲ್ಲಿ ಇನ್ನೊಂದು ಸೌಲಭ್ಯ ಇತ್ತು. ಮನೆಯಿಂದ ದೂರ ಗಾಡಿ ಕೆಟ್ಟರೆ ಹೋಟೆಲ್ ಖರ್ಚು ಕೊಡುತ್ತಾರೆ. ಅದನ್ನೂ ಕೇಳಿದೆವು. ಕೆಟ್ಟದ್ದು ಕವರ್ ಆಗುವಂಥದ್ದಾಗಿದ್ದರೆ ಮಾತ್ರ ಅಂದಳು. ಅದೂ ಅಲ್ಲದೆ, ಒಳಗೆ ಲೈಟು, ನೀರು, ಹಾಸಿಗೆ ಎಲ್ಲ ಇದೆಯಲ್ವಾ? ಇತ್ತು. ಮನೆ ಗಟ್ಟಿಮುಟ್ಟಾಗಿತ್ತು. ಎಂಜಿನ್ನೂ ಗುಂಡುಕಲ್ಲಿನ ಹಾಗಿತ್ತು. ಎರಡರ ಮಧ್ಯೆ ಮಾತುಕತೆ ನಿಂತಿತ್ತು ಅಷ್ಟೇ. ಕ್ಯಾಂಪ್‌ಗ್ರೌಂಡಿನವರು ಹನ್ನೊಂದು ಗಂಟೆಗೆ ಸರಿಯಾಗಿ ಬಂದು ಇನ್ನೊಂದು ರಾತ್ರಿಯ ಬಾಡಿಗೆ ತಗೊಂಡು ಹೋದರು.

ಮಧ್ಯಾಹ್ನ ಪಿಕಪ್‌ನಲ್ಲಿ ಒಬ್ಬ ಮೆಕ್ಯಾನಿಕ್ ಬಂದ. ಗಂಟೆಗೆ 180 ಡಾಲರ್. ಬೆನ್ನ ಮೇಲೆ ಮಲಗಿ ಗಾಡಿ ಕೆಳಗೆ ಹೋದ, ಮಾವನೂ ಪಂಚೆ ಮಡಚಿ ಹಿಂದೆಯೇ ಹೋದರು. ಎರಡು ಜೊತೆ ಕಾಲು ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಆತ ಕೈತುಂಬ ಕಸ ಹಿಡಿದು ಹೊರಬಂದ. ಗೂಡು. ಇಲ್ಲಿನ ಮರುಭೂಮಿಯಲ್ಲಿ ಪ್ಯಾಕ್ ರ್ಯಾಟ್ ಅನ್ನೋ ಇಲಿ ಇದೆ. ಸಿಕ್ಕಿದ್ದನ್ನೆಲ್ಲ ಹೊತ್ತು ಗೂಡಿಗೆ ಸೇರಿಸುತ್ತೆ. ಈ ಗೂಡಿನಲ್ಲಿ ಚೋಯಾ ಕಳ್ಳಿಯ ಮುಳ್ಳಿನ ತುಂಡುಗಳು, ಗೋಡೆಯೊಳಗಿನ ಗುಲಾಬಿ ಉಣ್ಣೆ, ಪಿಸ್ತಾ ಸಿಪ್ಪೆ, ಮತ್ತು ನಮ್ಮ ತೋರಣದ ಎರಡು ಪ್ಲಾಸ್ಟಿಕ್ ಮಾವಿನೆಲೆ. ಅದೂ ಗೃಹಪ್ರವೇಶ ಮಾಡಿಕೊಂಡಿತ್ತು. ಸ್ಲೈಡ್ ಮೋಟರಿಗೆ ಹೋಗುವ ವೈರು ಅಡ್ಡಡ್ಡ ಕಡಿದಿತ್ತು, ಒಳಗಿನ ತಾಮ್ರ ಮಿರಮಿರ ಮಿಂಚುತ್ತಿತ್ತು.

ಮೋಟರು ಕೆಟ್ಟಿದ್ದರೆ ಕವರ್. ವೈರು ತಾನಾಗಿ ಸುಟ್ಟಿದ್ದರೂ ಕವರ್. ಹಲ್ಲಿನ ಗುರುತಿದ್ದರೆ ಇಲ್ಲ. ಗುರುತು ಇತ್ತು. ಆತ ನಿಯತ್ತಿನ ಮನುಷ್ಯ, ಫೋಟೋ ತೆಗೆದು ಕಳಿಸಿಯೇಬಿಟ್ಟ.

"ಗಣಪತಿ ವಾಹನ ಅದು, ಬೈಬೇಡಿ" ಅಂದರು ಅತ್ತೆ. ವಾಹನಕ್ಕೆ ಇನ್ನೊಂದು ವಾಹನದಿಂದ ಆದ ಹಾನಿ ಅಂದರೆ ಅಪಘಾತ ತಾನೇ? ಅದು ಇನ್ಶೂರೆನ್ಸಿಗೆ ಸೇರಿದ್ದು. ನಾನು ತಮಾಷೆಗೆ ಅಂದದ್ದು, ಆದರೆ ಹೆಂಡತಿ ಫೋನ್ ತೆಗೆದಳು. ಗಾಡಿಯ ಇನ್ಶೂರೆನ್ಸಿನಲ್ಲಿ ಕಾಂಪ್ರಿಹೆನ್ಸಿವ್ ಅನ್ನೋ ಭಾಗ ಇರುತ್ತೆ, ಪ್ರಾಣಿ ಮಾಡಿದ ಹಾನಿಗೆ ಕೆಲವು ಪಾಲಿಸಿಗಳಲ್ಲಿ ಅದರಡಿ ದುಡ್ಡು ಸಿಗುತ್ತೆ. ನಮ್ಮದರಲ್ಲಿ ಸಿಗುತ್ತಿತ್ತು! ಎಲ್ಲರೂ ಖುಷಿಯಾದೆವು. ಮೆಕ್ಯಾನಿಕ್ ವೈರು ಜೋಡಿಸಿ, ಟೇಪು ಸುತ್ತಿ, ಬಿಲ್ಲು ಬರೆದ: 460 ಡಾಲರ್. ಇನ್ಶೂರೆನ್ಸ್ ಡಿಡಕ್ಟಬಲ್ 500. ಮಾವ ಆತನಿಗೆ, "ಇನ್ನೊಂದು ಐವತ್ತು ಡಾಲರ್ ಕೆಲಸ ಏನಾದರೂ ಇದ್ರೆ ನೋಡಪ್ಪಾ" ಅಂದರು. ಕನ್ನಡದಲ್ಲೇ. ಸದ್ಯ ಆತನಿಗೆ ಅರ್ಥವಾಗಲಿಲ್ಲ.

ಹಾಗಾದರೆ ಪ್ಲಾನ್ ದಂಡವಾ? ನಾನು ಹಾಗನ್ನಲ್ಲ. ಫ್ರಿಜ್ ಒಂದರಲ್ಲೇ ಕೊಟ್ಟ ದುಡ್ಡಿನ ಒಳ್ಳೆ ಪಾಲು ವಾಪಸು ಬಂದಿದೆ. ಹಳೇ ಗಾಡಿ, ಜನರೇಟರ್, ಸ್ಲೈಡ್ ಎಲ್ಲ ಇದ್ದರೆ ತಗೊಳ್ಳಿ. ಡಿಡಕ್ಟಬಲ್ ಸಲಕ್ಕೊಂದಾ, ಕೆಟ್ಟ ಸಾಮಾನಿಗೊಂದಾ ಅಂತ ಮೊದಲೇ ಕೇಳಿ. ಗಂಟೆ ಕೂಲಿಗೆ ಮಿತಿ ಹಾಕಿದ್ದಾರಾ ನೋಡಿ. ಇರುವಲ್ಲಿಗೇ ಬರುವ ಮೆಕ್ಯಾನಿಕ್ ನಡೆಯುತ್ತಾ ಅನ್ನೋದನ್ನ ಬರಹದಲ್ಲಿ ತಗೊಳ್ಳಿ.

ಊರಿಗೆ ಬಂದ ಮೇಲೆ ಬೋನು ತರೋಣ ಅಂದೆ. ಅತ್ತೆ ಬಿಡಲಿಲ್ಲ. ಪುದೀನಾ ಎಣ್ಣೆಯ ವಾಸನೆಗೆ ಇಲಿ ಬರೋದಿಲ್ಲ ಅಂತ ಯಾರೋ ಹೇಳಿದರು. ಬಾಟಲಿಗೆ 12 ಡಾಲರ್. ಹತ್ತಿಯಲ್ಲಿ ಅದ್ದಿ ಗಾಡಿ ಕೆಳಗೆಲ್ಲ ಸಿಕ್ಕಿಸಿ, ಹೆಂಡತಿ ಬಿಡದೆ ಪ್ಲಾನ್ ಕಂಪನಿಗೆ ಫೋನ್ ಮಾಡಿ ಇದರ ಖರ್ಚು ಕೊಡುತ್ತೀರಾ ಅಂತ ಕೇಳಿದಳು. "ಅದು ಮೇಂಟೆನೆನ್ಸ್ ಮೇಡಂ, ಕವರ್ ಆಗಲ್ಲ" ಅಂದ ಆ ಕಡೆಯ ಹುಡುಗ. "ಆದರೆ ರಶೀದಿ ಮಾತ್ರ ಇಟ್ಟುಕೊಂಡಿರಿ."