ಶೇ 75 ನಮಗೆ, ರಿಕ್ಲೈನರ್ ಅವರಿಗೆ

ಊಟ ಆದ ಮೇಲೆ ಮನುಷ್ಯನಿಗೆ ನಿದ್ದೆ ಬರುತ್ತದೆ ಅನ್ನುವುದನ್ನು ಕರ್ನಾಟಕ ಅಧಿಕೃತವಾಗಿ ಒಪ್ಪಿಕೊಂಡಿದ್ದು 2025ರ ಫೆಬ್ರುವರಿಯಲ್ಲಿ. ಊಟಕ್ಕೆ ಹೋದ ಶಾಸಕರು ಮಧ್ಯಾಹ್ನ ಸದನಕ್ಕೆ ವಾಪಸ್ ಬರುತ್ತಿಲ್ಲ, ರೂಮಿಗೆ ಹೋಗಿ ಮಲಗಿದರೆ ಮುಗೀತು, ಅದರ ಬದಲು ಲಾಬಿಯಲ್ಲೇ ಸುಮಾರು 15 ರಿಕ್ಲೈನರ್ ಕುರ್ಚಿ ಹಾಕಿಸೋಣ, ಅಲ್ಲೇ ಸ್ವಲ್ಪ ಒರಗಿ ಎದ್ದು ಒಳಗೆ ಬರಲಿ ಅಂತ ವಿಧಾನಸಭೆಯ ಸ್ಪೀಕರ್ ಯು.ಟಿ. ಖಾದರ್ ಹೇಳಿದರು. ಕೊಳ್ಳುವುದು ಬೇಡ, ಬಾಡಿಗೆಗೆ ತಂದರೆ ಸಾಕು ಅಂದರು. ಮಿತವ್ಯಯ ಅಂದರೆ ಇದು ನೋಡಿ.

ನಾನು ಬಿ.ಎ. ಓದುವ ಹುಡುಗ. ನಮಗೂ ಮಧ್ಯಾಹ್ನ ಎರಡು ಗಂಟೆಗೆ ಒಂದು ಪೀರಿಯಡ್ ಇದೆ, ರಾಜ್ಯಶಾಸ್ತ್ರ. ಡಬ್ಬಿ ಖಾಲಿ ಮಾಡಿ ಬೆಂಚಿಗೆ ಬಂದು ಕೂತರೆ ಮೇಲೆ ತಿರುಗುವ ಫ್ಯಾನ್ ಜೋಗುಳ ಹಾಡುತ್ತದೆ. ಕಣ್ಣು ಮುಚ್ಚಿದರೆ ಸರ್ ಚಾಕ್‌ಪೀಸ್ ಎಸೆಯುತ್ತಾರೆ. ಗುರಿ ತಪ್ಪುವುದಿಲ್ಲ. ಇನ್ನೊಮ್ಮೆ ಮುಚ್ಚಿದರೆ ಎದ್ದು ನಿಲ್ಲಬೇಕು. ಬಾಡಿಗೆ ಕುರ್ಚಿಯ ಮಾತು ಹಾಗಿರಲಿ, ನಮ್ಮ ಬೆಂಚಿಗೆ ಒರಗುವುದಕ್ಕೆ ಹಿಂದೆ ಹಲಗೆಯೇ ಇಲ್ಲ.

ಶಾಸಕರನ್ನು ಸದನಕ್ಕೆ ಕರೆತರಲು ಈ ಕೆಲವು ವರ್ಷಗಳಲ್ಲಿ ನಡೆದ ಪ್ರಯತ್ನಗಳನ್ನು ಓದಿದರೆ ಅಂಗನವಾಡಿಗೆ ಮಕ್ಕಳನ್ನು ಕಳಿಸುವ ತಾಯಂದಿರು ನೆನಪಾಗುತ್ತಾರೆ. 2023ರ ಜುಲೈಯಲ್ಲಿ, ಊಟಕ್ಕೆ ಹೊರಗೆ ಹೋದವರು ತಡವಾಗಿ ಬರುತ್ತಾರೆ ಅಂತ ಅಲ್ಲೇ ಊಟದ ವ್ಯವಸ್ಥೆ ಆಯಿತು. ಬೇಗ ಬಂದವರ ಹೆಸರನ್ನು ಸದನದಲ್ಲಿ ಓದಿ ಹೊಗಳುವ ಪದ್ಧತಿ ಶುರುವಾಯಿತು. 2024ರಲ್ಲಿ ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಎದ್ದು ಹೋದರು ಅಂತ ನೋಡಲು ಎಐ ಕ್ಯಾಮೆರಾ ಬಂತು. ಊಟ ಆಯಿತು, ಹೊಗಳಿಕೆ ಆಯಿತು, ಕ್ಯಾಮೆರಾ ಆಯಿತು, ಕೊನೆಗೆ ಹಾಸಿಗೆ. ಸ್ಪೀಕರ್ ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಪಾಪ, ಅವರ ಸ್ಥಿತಿ ನಮ್ಮ ಕ್ಲಾಸ್ ಟೀಚರ್ ಸ್ಥಿತಿಯೇ, ಆದರೆ ಇವರ ಕೈಯಲ್ಲಿ ಚಾಕ್‌ಪೀಸ್ ಇಲ್ಲ.

ನಮ್ಮನ್ನು ಕರೆತರುವುದಕ್ಕೆ ಇಷ್ಟೆಲ್ಲಾ ತಾಪತ್ರಯ ಯಾರೂ ತೆಗೆದುಕೊಳ್ಳುವುದಿಲ್ಲ. ಒಂದೇ ಒಂದು ಅಸ್ತ್ರ, ಶೇಕಡಾ 75. ಒಂದೊಂದು ವಿಷಯದಲ್ಲೂ ಅಷ್ಟು ಹಾಜರಾತಿ ಇರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡಿಗೆ ಶಾರ್ಟೇಜ್ ಲಿಸ್ಟ್ ಅಂಟಿಸುತ್ತಾರೆ. ಅದರ ಮುಂದೆ ಸೇರುವಷ್ಟು ಜನ ರಿಸಲ್ಟ್ ದಿನವೂ ಸೇರುವುದಿಲ್ಲ. ಶೇ 74 ಬಂದವನ ಕಷ್ಟ ಯಾರಿಗೂ ಬೇಡ. ವಿಭಾಗದ ಮುಖ್ಯಸ್ಥರು, ಅಂದರೆ ಹೆಚ್‌ಒಡಿ ಹತ್ತಿರ ಹೋದರೆ ಪ್ರಿನ್ಸಿಪಾಲರನ್ನು ಕೇಳು ಅನ್ನುತ್ತಾರೆ, ಪ್ರಿನ್ಸಿಪಾಲರು ಹೆಚ್‌ಒಡಿ ಸಹಿ ತಗೊಂಡು ಬಾ ಅನ್ನುತ್ತಾರೆ, ಇಬ್ಬರೂ ಸೇರಿ ಅಪ್ಪನ್ನ ಕರ್ಕೊಂಡು ಬಾ ಅನ್ನುತ್ತಾರೆ. ಅಪ್ಪ ಒಂದು ದಿನದ ಕೂಲಿ ಬಿಟ್ಟು ಬಂದು, ನಾನು ಯಾವತ್ತೂ ಕೇಳಿರದ ವಿನಯದ ದನಿಯಲ್ಲಿ "ಇದೊಂದು ಸಲ ಬಿಡಿ ಸಾರ್" ಅನ್ನಬೇಕು.

ಇದೇ ರಾಜ್ಯಶಾಸ್ತ್ರದ ಕ್ಲಾಸಿನಲ್ಲಿ ನಮಗೆ ಕೋರಂ ಪಾಠ ಆಯಿತು. ಸಂವಿಧಾನದ 189ನೇ ವಿಧಿ ಪ್ರಕಾರ ಸದನ ನಡೆಯಲು ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ ಹತ್ತು ಜನ, ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ಮಂದಿ ಇದ್ದರೆ ಸಾಕು. ನಮ್ಮ ವಿಧಾನಸಭೆಯಲ್ಲಿ 224 ಜನ ಇದ್ದಾರೆ, ಅಂದರೆ 23 ಜನ ಬಂದರೆ ಏಳು ಕೋಟಿ ಜನರ ಕಾನೂನು ಮಾಡಬಹುದು. ನಮ್ಮ ಕ್ಲಾಸಿನಲ್ಲಿ 23 ಜನ ಬಂದ ದಿನ ಸರ್ ರಿಜಿಸ್ಟರ್ ಮಡಚಿ, "ಇಷ್ಟು ಜನಕ್ಕೆ ಏನ್ ಪಾಠ ಮಾಡ್ಲಿ, ಎಲ್ಲಾರ್ನೂ ಆಬ್ಸೆಂಟ್ ಹಾಕ್ತೀನಿ" ಅಂದು ಎದ್ದು ಹೋದರು. ಬಂದವರಿಗೂ ಆಬ್ಸೆಂಟ್! ಆ 23 ಕೂಡ ಇಲ್ಲದಿದ್ದರೆ ಸದನದಲ್ಲಿ ಬೆಲ್ ಬಾರಿಸುತ್ತಾರಂತೆ, ಹೊರಗಿರುವವರು ಒಳಗೆ ಬರಲಿ ಅಂತ. ನಮ್ಮಲ್ಲೂ ಬೆಲ್ ಬಾರಿಸುತ್ತಾರೆ. ಬೆಲ್ ನಿಂತ ಕೂಡಲೇ ಬಾಗಿಲು ಹಾಕುತ್ತಾರೆ.

ಹಾಗಾದರೆ ಶಾಸಕರಿಗೆ ಶಾರ್ಟೇಜ್ ಅನ್ನುವುದೇ ಇಲ್ಲವಾ ಅಂತ ಹಿಂದಿನ ಬೆಂಚಿನ ನನ್ನ ಗೆಳೆಯ ಕೇಳಿದ. ಇದೆ ಕಣೋ, 190ನೇ ವಿಧಿ ಅಂದರು ಸರ್. ಸದನದ ಅನುಮತಿ ಇಲ್ಲದೆ 60 ದಿನ ಎಲ್ಲಾ ಸಭೆಗಳಿಗೂ ಗೈರಾದರೆ ಸೀಟು ಖಾಲಿ ಅಂತ ಸದನ ಘೋಷಿಸಬಹುದು. 'ಬಹುದು'. ಘೋಷಿಸಲೇಬೇಕು ಅಂತ ಏನಿಲ್ಲ. ಅದರಲ್ಲೂ ಅಧಿವೇಶನ ಮುಕ್ತಾಯವಾಗಿದ್ದ ದಿನಗಳು, ಸತತ ನಾಲ್ಕು ದಿನಕ್ಕಿಂತ ಜಾಸ್ತಿ ಮುಂದೂಡಿದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಬೆಳಗಾವಿಯ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಹತ್ತು ದಿನ ನಡೆಯುತ್ತದೆ. ಅಷ್ಟಷ್ಟೇ ದಿನದ ಅಧಿವೇಶನಗಳನ್ನು ಒಂದೊಂದಾಗಿ ಕೂಡಿಸಿ, ಮಧ್ಯೆ ಒಂದು ದಿನವೂ ತಪ್ಪಿ ಒಳಗೆ ಕಾಲಿಡದೆ, ರಜೆ ಚೀಟಿ ಕೂಡ ಕೊಡದೆ 60 ಮುಟ್ಟಿಸಬೇಕು. ಅಷ್ಟು ಶಿಸ್ತಾಗಿ ಗೈರಾಗುವುದು ಸುಮ್ನೆ ಅಲ್ಲ, ಅದಕ್ಕೆ ಸದನಕ್ಕೆ ಬರುವುದಕ್ಕಿಂತ ಜಾಸ್ತಿ ಶ್ರಮ ಬೇಕು.

ಇನ್ನೊಂದು 60 ಇದೆ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲಿ ಕರ್ನಾಟಕದಲ್ಲೇ ಕಾಯ್ದೆ ಆಗಿದೆ. ತಮ್ಮ ಟೈಮ್ ಟೇಬಲ್ ತಾವೇ ಬರೆದುಕೊಂಡವರು, ತಾವೇ ಅದಕ್ಕೆ ಕೈ ಎತ್ತಿದವರು ಇವರು. ಆ 60ನ್ನು ಮುಟ್ಟುವುದೇ ಅಪರೂಪ. ನಮ್ಮ ಒಂದು ಸೆಮಿಸ್ಟರ್‌ಗೇ ಸುಮಾರು 90 ದಿನ ಪಾಠ ಇರುತ್ತದೆ. ಅದರ ಮುಕ್ಕಾಲು ಲೆಕ್ಕ ಹಾಕಿ ನೋಡಿ, ಕಾನೂನು ಹೇಗೆ ಮಾಡುತ್ತಾರೆ ಅಂತ ಓದುವ ಹುಡುಗ ಆರು ತಿಂಗಳಲ್ಲಿ ಕೂರಬೇಕಾದಷ್ಟು ದಿನ ಕಾನೂನು ಮಾಡುವವರು ಇಡೀ ವರ್ಷ ಕೂರುವುದಿಲ್ಲ.

ಮಾಸ್ ಬಂಕ್ ವಿಷಯಕ್ಕೆ ಬರೋಣ. ಇಲ್ಲಿ ನಾವು ಅವರಿಂದ ಕಲಿಯಬೇಕಾದ್ದು ಬಹಳ ಇದೆ. ನಮ್ಮ ಇಡೀ ಕ್ಲಾಸ್ ಒಂದು ಶನಿವಾರ ಒಟ್ಟಿಗೆ ಸಿನಿಮಾಗೆ ಹೋಯಿತು. ಸೋಮವಾರ ಎಲ್ಲರಿಂದ ದಂಡ, ಎಲ್ಲರಿಂದ ತಪ್ಪೊಪ್ಪಿಗೆ ಪತ್ರ, ಪತ್ರದಲ್ಲಿ ಕಾಗುಣಿತ ತಪ್ಪಾದರೆ ಮತ್ತೆ ಬರೆಸಿದರು. 2019ರ ಜುಲೈಯಲ್ಲಿ ನಮ್ಮ ಶಾಸಕರ ಒಂದು ತಂಡ ಸದನ ಬಿಟ್ಟು ಮುಂಬೈನ ಹೋಟೆಲಿನಲ್ಲಿ ಕೂತಿತು. 23ನೇ ತಾರೀಕು ವಿಶ್ವಾಸಮತಕ್ಕೆ ಹಾಕಿದಾಗ 99ಕ್ಕೆ 105, ಸರ್ಕಾರವೇ ಬಿತ್ತು. 17 ಜನರನ್ನು ಅನರ್ಹ ಮಾಡಿದರು. ಆಮೇಲೆ ಸುಪ್ರೀಂ ಕೋರ್ಟ್ ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರ್‌ನಲ್ಲಿ ಉಪಚುನಾವಣೆ, 2020ರ ಫೆಬ್ರುವರಿಯಲ್ಲಿ ಗೆದ್ದವರ ಪೈಕಿ ಹತ್ತು ಮಂದಿ ಮಂತ್ರಿಗಳು! ನಾವು ಬಂಕ್ ಮಾಡಿ ಬಂದ ಸೋಮವಾರ ನಮ್ಮಲ್ಲಿ ಹತ್ತು ಜನರನ್ನು ಲೆಕ್ಚರರ್ ಮಾಡಿದ್ದರೆ ಹೇಗಿರುತ್ತಿತ್ತು ಅಂತ ಯೋಚಿಸಿ. ಒಬ್ಬನಿಗಾದರೂ ಲೈಬ್ರರಿ ಖಾತೆ ಕೊಟ್ಟಿದ್ದರೆ ಸಾಕಿತ್ತು, ಅದನ್ನು ಯಾರೂ ಕೇಳುವುದಿಲ್ಲ ಅಂತ ಗೊತ್ತು.

ಹಾಗಂತ ಅವರು ಸದನದಲ್ಲಿ ಇರುವುದೇ ಇಲ್ಲ ಅಂದರೆ ತಪ್ಪಾಗುತ್ತದೆ. ರಾತ್ರಿ ಇರುತ್ತಾರೆ. 2022ರ ಫೆಬ್ರುವರಿಯಲ್ಲಿ ಕಾಂಗ್ರೆಸ್ ಶಾಸಕರು ಧರಣಿ ಮಾಡಿ ವಿಧಾನಸೌಧದಲ್ಲೇ ಮಲಗಿದರು. 2024ರ ಜುಲೈಯಲ್ಲಿ ಸರದಿ ಬಿಜೆಪಿ, ಜೆಡಿಎಸ್‌ನವರದು. ದಿಂಬು, ಹೊದಿಕೆ ಸಮೇತ ಫೋಟೋ ಬಂತು. ಹಗಲು ಕೂರಿ ಅಂದರೆ ಎದ್ದು ಹೋಗುತ್ತಾರೆ, ರಾತ್ರಿ ಹೋಗಿ ಅಂದರೆ ಅಲ್ಲೇ ಮಲಗುತ್ತಾರೆ. ಪಕ್ಷ ಯಾವುದಾದರೂ ಆಗಲಿ, ನಿದ್ದೆ ವಿಷಯದಲ್ಲಿ ಸರ್ವಾನುಮತ ಇದೆ. ಅದಕ್ಕೇ ಆ ರಿಕ್ಲೈನರ್ ಪ್ಲಾನ್ ಮೂರ್ಖತನ ಅಂತ ನನಗೆ ಅನ್ನಿಸುವುದಿಲ್ಲ, ಸ್ಪೀಕರ್‌ಗೆ ತಮ್ಮ ಜನ ಚೆನ್ನಾಗಿ ಗೊತ್ತು.

ಸರ್ವಾನುಮತ ಅಂದಾಗ 2025ರ ಮಾರ್ಚ್ 21 ನೆನಪಾಗುತ್ತದೆ. ಸದನದಲ್ಲಿ ಗಲಾಟೆ, ಕಾಗದ ಹರಿದು ಎಸೆದಾಟ. 18 ಬಿಜೆಪಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಿ, ಮಾರ್ಷಲ್‌ಗಳು ಕೆಲವರನ್ನು ಅನಾಮತ್ತಾಗಿ ಎತ್ತಿಕೊಂಡು ಹೊರಗೆ ಹೋದರು. ಅದೇ ದಿನ, ಅದೇ ಗಲಾಟೆಯ ಮಧ್ಯೆ, ಚರ್ಚೆಯೇ ಇಲ್ಲದೆ ಒಂದು ಮಸೂದೆ ಪಾಸಾಯಿತು. ಶಾಸಕರ ಸಂಬಳ ತಿಂಗಳಿಗೆ 40,000 ರೂಪಾಯಿಯಿಂದ 80,000ಕ್ಕೆ, ಮುಖ್ಯಮಂತ್ರಿಯದು 75,000ದಿಂದ ಒಂದೂವರೆ ಲಕ್ಷಕ್ಕೆ. ಭತ್ಯೆಗಳು ಬೇರೆ. ಅವತ್ತು ಹೊರಗೆ ಹೊತ್ತುಕೊಂಡು ಹೋದವರ ಸಂಬಳವೂ ಜಾಸ್ತಿಯಾಯಿತು ಅನ್ನುವುದು ನನಗೆ ಇಷ್ಟವಾದ ಭಾಗ. ಆರು ತಿಂಗಳ ಅಮಾನತು ಎರಡು ತಿಂಗಳಿಗೇ ಮುಗಿದು, ಮೇ ತಿಂಗಳಲ್ಲಿ ವಾಪಸ್ ಕರೆದರು. ಅವರ ಅಪ್ಪಂದಿರು ಯಾರೂ ಕೂಲಿ ಬಿಟ್ಟು ಬರಬೇಕಾಗಲಿಲ್ಲ. ನಮ್ಮ ಸ್ಕಾಲರ್‌ಶಿಪ್ ಹಣ ಯಾವಾಗ ಬರುತ್ತದೆ ಅಂತ ಕೇಳಿದರೆ ಆಧಾರ್ ಸೀಡಿಂಗ್ ಆಗಿಲ್ಲ ಅನ್ನುತ್ತಾರೆ. ಅಲ್ಲಿ ಎಲ್ಲರದ್ದೂ ಸೀಡಿಂಗ್ ಆಗಿತ್ತು ಅನ್ನಿಸುತ್ತದೆ.

ಫೋನಿನ ಮಾತು ಬೇಗ ಮುಗಿಸುತ್ತೇನೆ. ಕ್ಲಾಸಿನಲ್ಲಿ ಫೋನ್ ಕೈಯಲ್ಲಿ ಕಂಡರೆ ಒಂದು ವಾರ ಆಫೀಸಿನಲ್ಲಿ ಜಪ್ತಿ. 2012ರ ಫೆಬ್ರುವರಿಯಲ್ಲಿ ಸದನದಲ್ಲೇ ಫೋನಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟಿದ್ದರು. ಆಗ ಅವರು ಹಾಜರಿದ್ದರು ಅನ್ನುವುದನ್ನು ಮಾತ್ರ ನಾವು ಮರೆಯಬಾರದು.

ಶಾಸಕರ ಪರವಾಗಿ ಹೇಳುವ ಒಂದು ಮಾತಿದೆ, ಅದು ಸುಳ್ಳೂ ಅಲ್ಲ. ಸದನಕ್ಕೆ ಬಂದರೆ ಕ್ಷೇತ್ರದ ಕೆಲಸ ಯಾರು ನೋಡುವುದು? ಮದುವೆ, ಗೃಹಪ್ರವೇಶ, ಸಾವು, ಜಾತ್ರೆ, ಬೋರ್‌ವೆಲ್, ವರ್ಗಾವಣೆ. ಒಂದು ಮದುವೆಗೆ ಹೋಗದಿದ್ದರೆ ಒಂದು ಊರಿನ ವೋಟು ಹೋಗುತ್ತದೆ. ಸದನಕ್ಕೆ ಹೋಗದಿದ್ದರೆ ಒಂದು ವೋಟೂ ಹೋಗುವುದಿಲ್ಲ. ಇದಕ್ಕೆ ಅವರನ್ನು ಮಾತ್ರ ಬೈದು ಪ್ರಯೋಜನ ಇಲ್ಲ, ನಮ್ಮ ಮನೆಯವರೂ ಅಕ್ಕನ ಮದುವೆಗೆ ಎಂಎಲ್‌ಎ ಬಂದಿದ್ದರು ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಆ ದಿನ ಸದನದಲ್ಲಿ ಏನು ನಡೀತಿತ್ತು ಅಂತ ಯಾರೂ ಕೇಳಲಿಲ್ಲ.

ಆದರೆ ನಮಗೂ ಕ್ಷೇತ್ರದ ಕೆಲಸ ಇದೆ, ಅಲ್ವಾ? ನನ್ನ ಪಕ್ಕದಲ್ಲಿ ಕೂರುವವನು ರಾತ್ರಿ ಕೇಟರಿಂಗ್‌ಗೆ ಹೋಗುತ್ತಾನೆ, ಮದುವೆ ಸೀಸನ್‌ನಲ್ಲಿ ಬೆಳಗ್ಗೆ ಮೊದಲ ಪೀರಿಯಡ್ ಅವನಿಗೆ ಸಿಗುವುದಿಲ್ಲ. ಅಂದರೆ ಶಾಸಕರೂ ಇವನೂ ಒಂದೇ ಮದುವೆಗೆ ಹೋಗಿ ಒಂದೇ ಕಾರಣಕ್ಕೆ ಗೈರಾಗುತ್ತಾರೆ, ಒಬ್ಬರು ಊಟಕ್ಕೆ ಕೂತು, ಒಬ್ಬ ಬಡಿಸಿ. ಶಾರ್ಟೇಜ್ ಲಿಸ್ಟಿನಲ್ಲಿ ಬಂದಿದ್ದು ಬಡಿಸಿದವನ ಹೆಸರು. ಕೊಯ್ಲಿನ ಹೊತ್ತಿಗೆ ಹೊಲಕ್ಕೆ ಹೋಗುವವರಿದ್ದಾರೆ. ಬೆಳಗಿನ ಬಸ್ಸು ತುಂಬಿ ಬಂದು ನಿಲ್ಲದೇ ಹೋದರೆ ಮುಂದಿನ ಬಸ್ಸಿಗೆ ಎರಡು ಪೀರಿಯಡ್ ಹೋಗುತ್ತದೆ, ಬಸ್ಸು ನಿಲ್ಲಲಿಲ್ಲ ಅನ್ನುವುದಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಯಾವ ಡಾಕ್ಟರೂ ಕೊಡುವುದಿಲ್ಲ. ನಮಗಿರುವ ಒಂದೇ ದಾರಿ 'ಓಡಿ', ಅಂದರೆ ಆನ್ ಡ್ಯೂಟಿ. ಎನ್‌ಎಸ್‌ಎಸ್ ಕ್ಯಾಂಪು, ಕಬಡ್ಡಿ ಟೂರ್ನಿ ಅಂತ ಕಾಲೇಜಿನ ಕೆಲಸದ ಮೇಲೆ ಹೊರಗೆ ಹೋಗಿದ್ದರೆ ಆನ್ ಡ್ಯೂಟಿ ಅಂತ ಬರೆದು ಹಾಜರಿ ಕೊಡುತ್ತಾರೆ. ಅದಕ್ಕೂ ಮೂರು ಸಹಿ ಬೇಕು.

ಕಳೆದ ತಿಂಗಳು ಕಾಲೇಜ್ ಡೇ ಆಯಿತು. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು, ಹಾಗಾಗಿ ಉದ್ಘಾಟನೆಗೂ ಅವರೇ. ಇನ್ವಿಟೇಶನ್‌ನಲ್ಲಿ ಹತ್ತೂವರೆ ಅಂತ ಅಚ್ಚಾಗಿತ್ತು. ಹಾಜರಾತಿ ಕಡ್ಡಾಯ ಅಂತ ಹಿಂದಿನ ದಿನವೇ ಸರ್ಕ್ಯುಲರ್ ಬಂದಿತ್ತು, ಹತ್ತು ಗಂಟೆಗೆ ಮೊದಲ ಸಲ ಹೆಸರು ಕರೆದರು. ಸ್ವಾಗತ ಗೀತೆ ಹಾಡುವ ಹುಡುಗಿಯರು ಹನ್ನೊಂದಕ್ಕೆ ಒಮ್ಮೆ, ಹನ್ನೆರಡಕ್ಕೆ ಒಮ್ಮೆ ಕಾರು ಬಂತು ಅಂತ ಎದ್ದು ನಿಂತು ಕೂತರು. ಒಂದು ಕಾರು ಶಾಮಿಯಾನದವನದ್ದು. ಶಾಸಕರು ಬಂದಾಗ ಗಂಟೆ ಒಂದೂಕಾಲು. ಹಾರ, ಪೇಟ, ಶಾಲು ಆಯಿತು. ಇಪ್ಪತ್ತು ನಿಮಿಷ ಮಾತಾಡಿದರು. ವಿಷಯ ಸಮಯಪಾಲನೆ. ಇಂದಿನ ಯುವಕರಿಗೆ ಸಮಯದ ಬೆಲೆ ಗೊತ್ತಿಲ್ಲ, ಮೊಬೈಲ್ ಹಾಳು ಮಾಡಿದೆ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂದರು. ನಾವು ಚಪ್ಪಾಳೆ ತಟ್ಟಿದೆವು, ಹಸಿವಾಗಿತ್ತು. ಬೇರೆ ಕಾರ್ಯಕ್ರಮ ಇದೆ, ಕ್ಷಮಿಸಬೇಕು ಅಂದು ವಂದನಾರ್ಪಣೆಗೂ ಮೊದಲೇ ಇಳಿದು ಹೋದರು. ಅವರ ಹಿಂದೆ ಅರ್ಧ ವೇದಿಕೆ ಹೋಯಿತು.

ಕಾರು ಗೇಟು ದಾಟಿದ ಕೂಡಲೇ ರಾಜ್ಯಶಾಸ್ತ್ರದ ಸರ್ ಎರಡನೇ ಸಲ ಹಾಜರಾತಿ ಕರೆಯೋಕೆ ಶುರು ಮಾಡಿದರು, ಮಧ್ಯೆ ಎದ್ದು ಹೋದವರನ್ನು ಹಿಡಿಯುವುದಕ್ಕೆ. ಎಲ್ಲರ ಹೆಸರು ಮುಗಿದ ಮೇಲೆ ನನ್ನ ಗೆಳೆಯ ಎದ್ದು, "ಸರ್, ಎಂಎಲ್‌ಎ ಸಾಹೇಬ್ರು ಕರ್ದಿಲ್ಲ" ಅಂದ. ಸರ್ ತಲೆ ಎತ್ತದೆ ರಿಜಿಸ್ಟರ್ ಮುಚ್ಚಿದರು.

"ಕೂತ್ಕೊಳೋ. ಅವ್ರಿಗೆ ಐದ್ ವರ್ಷ ಓಡಿ."