ಕೆಂಪು ಎಣ್ಣೆ, ಕಿತ್ತಳೆ ಕೋನು

ರೇಸ್ ಓಡಿಸ್ತೀನಿ ಅಂದ ತಕ್ಷಣ ಊರಲ್ಲಿರೋ ಭಾಮೈದಂದಿರು ಕೇಳೋದು ಒಂದೇ ಪ್ರಶ್ನೆ, "ಎಷ್ಟು ಸ್ಪೀಡ್ ಹೋಗುತ್ತೆ ಭಾವ?" ಅಂತ. ನಾನು ಆಟೋಕ್ರಾಸ್ ಅಂದ್ರೆ ಏನು ಅಂತ ಹೇಳೋಕೆ ಶುರು ಮಾಡಿದ್ರೆ ಅವರ ಮುಖ ಬಾಡುತ್ತೆ. ದೊಡ್ಡ ಖಾಲಿ ಪಾರ್ಕಿಂಗ್ ಲಾಟೋ ಹಳೇ ಏರ್‌ಫೀಲ್ಡೋ ಇರುತ್ತೆ, ಅದರ ತುಂಬ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನು ಜೋಡಿಸಿರ್ತಾರೆ, ಅವುಗಳ ಸಂದಿಯಲ್ಲಿ ಅಂಕುಡೊಂಕಾಗಿ ನುಗ್ಗಬೇಕು, ಗಡಿಯಾರ ಓಡ್ತಿರುತ್ತೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಆಟ ಮುಗಿದೋಗುತ್ತೆ. ಕೋನು ಬೀಳಿಸಿದ್ರೆ ಒಂದೊಂದಕ್ಕೂ 2 ಸೆಕೆಂಡ್ ದಂಡ. ಬಹುತೇಕ ಸೆಕೆಂಡ್ ಗೇರಲ್ಲೇ ಎಲ್ಲ ನಡೆಯೋದು. ಮಿಕ್ಕ ಹೊತ್ತು ಬಿಸಿಲಲ್ಲಿ ನಿಂತು ಬೇರೆಯವರು ಬೀಳಿಸಿದ ಕೋನು ಎತ್ತಿ ನಿಲ್ಲಿಸೋ ಕೆಲಸ, ಅದು ಕಂಪಲ್ಸರಿ. ಇಷ್ಟೆಲ್ಲ ಕೇಳಿದ ಮೇಲೆ ದೊಡ್ಡ ಭಾಮೈದ, "ಅಂದ್ರೆ ಆರ್‌ಟಿಓನಲ್ಲಿ ಎಂಟು ಹಾಕಿಸ್ತಾರಲ್ಲ, ಅದೇ ತಾನೆ?" ಅಂದ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.

ನಾನಿರೋದು ಅಮೆರಿಕದ ಮಿಷಿಗನ್‌ನಲ್ಲಿ, ಕಾರು ಮಾಜ್ದಾ ಮಿಯಾಟಾ, ಮೊದಲನೇ ತಲೆಮಾರಿಂದು, ಹೆಡ್‌ಲೈಟು ಮೇಲೆದ್ದು ಮಲಗುತ್ತಲ್ಲ ಅದು. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ತೋರಿಸಿದ ಗಾಡಿ, 1.6 ಲೀಟರ್ ಎಂಜಿನ್, 116 ಹಾರ್ಸ್‌ಪವರ್, ತೂಕ ಒಂದು ಟನ್ನಿನ ಆಸುಪಾಸು. ಸೀಟು ಎರಡೇ. ಅಮ್ಮ ಮೊದಲನೇ ಸಲ ನೋಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ "ಮಗು ಎಲ್ಲಿ ಕೂತ್ಕೊಳ್ಳುತ್ತೋ?" ಅಂದ್ರು, ಅದಕ್ಕೂ ನನ್ನ ಹತ್ರ ಉತ್ತರ ಇರ್ಲಿಲ್ಲ. ಅಮೆರಿಕದ ಮಾರ್ಕೆಟ್ಟಿಗೆ ಬಂದಾಗ ಇದರ ಬೇಸ್ ಮಾಡೆಲಿಗೆ ಪವರ್ ಸ್ಟೀರಿಂಗೇ ಇರ್ಲಿಲ್ಲ. ನನ್ನದಕ್ಕಿದೆ. ಮನೇಲಿ ನಡೆಯೋ ಅರ್ಧ ಜಗಳಕ್ಕೆ ಅದೇ ಮೂಲ.

ಈ ಪವರ್ ಸ್ಟೀರಿಂಗ್ ಒಳಗೆ ಏನಿದೆ ಅಂದ್ರೆ, ಎಂಜಿನ್ನಿಂದ ಬೆಲ್ಟು, ಬೆಲ್ಟಿಂದ ಪಂಪು, ಪಂಪಿಂದ ಕೆಂಪು ಎಣ್ಣೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕ್ತಾರಲ್ಲ ಎಟಿಎಫ್, ಅದೇ ಎಣ್ಣೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಒಳಗೊಂದು ಸಣ್ಣ ಸರಳು ಒಂಚೂರೇ ಒಂಚೂರು ತಿರುಚಿಕೊಳ್ಳುತ್ತೆ, ಅಷ್ಟಕ್ಕೇ ಒಂದು ವಾಲ್ವು ತೆರ್ಕೊಂಡು ಎಣ್ಣೆ ಎಡಕ್ಕೋ ಬಲಕ್ಕೋ ನುಗ್ಗಿ, ಮುಂದಿನ ಚಕ್ರ ತಿರುಗಿಸೋ ಹಲ್ಲಿನ ಪಟ್ಟಿ ಅಂದ್ರೆ ರ‍್ಯಾಕನ್ನ ತಳ್ಳುತ್ತೆ. ತರಕಾರಿ ತರೋಕೆ ಹೋಗಿ ಬರೋರಿಗೆ ಈ ವ್ಯವಸ್ಥೆ ಇದೆ ಅನ್ನೋದೇ ಗೊತ್ತಾಗಲ್ಲ. ಆದ್ರೆ ಆಟೋಕ್ರಾಸಲ್ಲಿ ಎಂಜಿನ್ನು 7000 ಆರ್‌ಪಿಎಂ ಹತ್ರ ಕಿರುಚ್ತಾ ಇರುತ್ತೆ, ಪಂಪೂ ಅದರ ಜೊತೆ ಹುಚ್ಚೆದ್ದು ತಿರುಗ್ತಿರುತ್ತೆ, ಮೇಲೆ ನೀವು ಸ್ಟೀರಿಂಗನ್ನ ಆ ಕಡೆ ಈ ಕಡೆ ಕಿತ್ತಾಡ್ತಿರ್ತೀರಿ, ಟೈಟ್ ತಿರುವಲ್ಲಿ ಸ್ಟೀರಿಂಗನ್ನ ತುದಿ ತನಕ ತಿರುಗಿಸಿ ಹಿಡಿದ್ರಂತೂ ಎಣ್ಣೆಗೆ ಹೋಗೋಕೆ ದಾರಿ ಇಲ್ಲದೆ ಪ್ರೆಷರ್ ಏರಿ ಕುದಿಯೋ ಮಟ್ಟಕ್ಕೆ ಬರುತ್ತೆ. ಬಿಸಿ ಆದ ಎಣ್ಣೆ ಉಬ್ಬುತ್ತೆ, ಗಾಳಿ ಸೇರಿದ್ರೆ ನೊರೆ ಬರುತ್ತೆ, ನೊರೆ ಬಂದಿದ್ದು ಎಣ್ಣೆ ತುಂಬಿಡೋ ಡಬ್ಬಿಯ ಮುಚ್ಚಳದ ಸಂದಿಯಿಂದ ಹೊರಗೆ.

ಹೀಗೇ ಒಂದ್ಸಲ ಫಿನಿಶ್ ದಾಟಿ ಖುಷಿಯಾಗಿ ಬರ್ತಿದೀನಿ, ಬಾನೆಟ್ ಸಂದಿಯಿಂದ ಹೊಗೆ. ಉಕ್ಕಿದ ಎಣ್ಣೆ ಬಿಸಿ ಎಂಜಿನ್ ಮೇಲೆ ಬಿದ್ದು ಸುಡ್ತಿತ್ತು ಅಷ್ಟೆ. ಆದ್ರೆ ಕೋನು ಕಾಯ್ತಿದ್ದ ಒಬ್ಬ ಯಜಮಾನರು ಬೆಂಕಿ ಆರಿಸೋ ಸಿಲಿಂಡರ್ ಎತ್ಕೊಂಡು ಓಡಿ ಬಂದ್ರು, ಪಾಪ ಎಷ್ಟು ವರ್ಷದಿಂದ ಕಾಯ್ತಿದ್ರೋ ಅದನ್ನ ಒತ್ತೋದಕ್ಕೆ. ಬೇಡ ಸರ್ ಬೇಡ ಸರ್ ಅಂತ ನಾನು ಕೈ ಅಡ್ಡ ಹಿಡಿಯೋ ಹೊತ್ತಿಗೆ ಪಿನ್ ಕಿತ್ತಾಗಿತ್ತು. ಆ ಬಿಳೀ ಪುಡಿ ಇವತ್ತಿಗೂ ಎಸಿ ಜಾಲರಿಯಿಂದ ಸ್ವಲ್ಪ ಸ್ವಲ್ಪ ಉದುರುತ್ತೆ.

ಆಮೇಲೆ ಶುರು ಆಯ್ತು ಸಲಹೆ. ಇಲ್ಲಿ ಯಾರದ್ದಾದ್ರೂ ಬಾನೆಟ್ ತೆರೆದ್ರೆ ಸಾಕು, ಎಲ್ಲಿಂದ ಬರ್ತಾರೋ ಗೊತ್ತಿಲ್ಲ, ಸೊಂಟದ ಮೇಲೆ ಕೈ ಇಟ್ಕೊಂಡು ಸಾಲಾಗಿ ನಿಂತ್ಕೋತಾರೆ. ಒಬ್ಬರು ಎಣ್ಣೆ ಜಾಸ್ತಿ ಆಗಿದೆ ಅಂದ್ರು, ಇನ್ನೊಬ್ಬರು ಕಮ್ಮಿ ಆಗಿದೆ ಅಂದ್ರು, ಮೂರನೆಯವರು ಡಬ್ಬಿ ಕುತ್ತಿಗೆಗೆ ಕಾಲುಚೀಲ ಸುತ್ತು ಅಂದ್ರು. ಇದೊಂದೇ ಆ ಕ್ಷಣಕ್ಕೆ ಮಾಡೋ ಹಾಗಿದ್ದಿದ್ದು, ಮಗಳ ಫುಟ್‌ಬಾಲ್ ಕಾಲುಚೀಲ ಕಾರಲ್ಲೇ ಬಿದ್ದಿತ್ತು, ಸುತ್ತಿದೆ. ಟೆಕ್ ಇನ್‌ಸ್ಪೆಕ್ಷನ್ ಮಾಡೋ ಅಜ್ಜ ಬಂದು ಚಕ್ರ ಅಲ್ಲಾಡಿಸಿ ನೋಡಿ, ಬ್ರೇಕ್ ಒತ್ತಿ ನೋಡಿ, ಬ್ಯಾಟರಿ ಎಳೆದು ನೋಡಿ, ಕಾಲುಚೀಲದ ಹತ್ರ ನಿಂತು "ವಾಶ್ ಮಾಡಿದ್ದಾ?" ಅಂತ ಕೇಳಿ ಪಾಸ್ ಮಾಡಿದ.

ಆ ಬೇಸಿಗೆಗೆ ಅಮ್ಮ ಹಾಸನದಿಂದ ಬಂದಿದ್ರು. ಬೆಳಿಗ್ಗೆ ಎದ್ದು ರಂಗೋಲಿ ಹಾಕೋಕೆ ಅಂತ ಹೊರಗೆ ಹೋದವರು ಡ್ರೈವ್‌ವೇ ಮೇಲೆ, ಕಾರಿನ ಮುಂದಿನ ಚಕ್ರದ ಪಕ್ಕ ಕೆಂಪಗೆ ಚೆಲ್ಲಿರೋದು ನೋಡಿದಾರೆ. ಒಳಗೆ ಬಂದು ಸೊಸೆ ಹತ್ರ ಮೆಲ್ಲಗೆ, "ರಾತ್ರಿ ಕಾರಿಗೆ ಆರತಿ ಎತ್ತಿದ್ರೇನಮ್ಮಾ? ನನ್ನನ್ನೂ ಕರೀಬಾರ್ದಿತ್ತಾ?" ಅಂದ್ರಂತೆ. ಅರಿಶಿನ ಸುಣ್ಣ ಕಲಸಿದ ನೀರು ಇದ್ದ ಹಾಗೇ ಇತ್ತು ಬಣ್ಣ, ಅವರದ್ದೇನೂ ತಪ್ಪಿಲ್ಲ. ಎಣ್ಣೆ ಅಂತ ಗೊತ್ತಾದ ಮೇಲೆ ಮುಖ ಇನ್ನೂ ಗಂಭೀರ ಆಯ್ತು, ಕೆಂಪು ಸುರಿತಿದೆ ಅಂದ್ರೆ ದೃಷ್ಟಿ ಅಲ್ದೆ ಇನ್ನೇನು ಅಂತ ನಿಂಬೆಹಣ್ಣು ತರಿಸಿ, ನಿವಾಳಿಸಿ, ನಾಲ್ಕೂ ಚಕ್ರದ ಕೆಳಗೆ ಇಟ್ಟು ಹತ್ತಿಸು ಅಂದ್ರು. ಮುಂದಿನದ್ದೆರಡು ಚೆನ್ನಾಗಿ ಅಪ್ಪಚ್ಚಿ ಆಯ್ತು. ಎಣ್ಣೆ ಹೀರ್ಕೊಳ್ಳೋಕೆ ಇಲ್ಲಿ ಬೆಕ್ಕಿನ ಮರಳು ಹಾಕೋದು ರೂಢಿ, ಬೆಕ್ಕು ಸಾಕೋರು ತಗೊಳ್ಳೋ ಅದೇ ಚೀಲ, ಅದನ್ನ ತಂದು ಸುರಿದೆ. ಅಮ್ಮ ಎರಡು ದಿನ ಮನೆಯೆಲ್ಲ ಬೆಕ್ಕು ಹುಡುಕಿದ್ರು.

ಈಗ ನಮ್ಮ ಹುಬ್ಬಳ್ಳಿ ಗೆಳೆಯನ ವಿಷಯ. ಅವನದ್ದೂ ಮಿಯಾಟಾನೇ, ಪವರ್ ಸ್ಟೀರಿಂಗ್ ಇಲ್ಲದ್ದು. ಅವನ ಪ್ರಕಾರ ಜಗತ್ತಿನ ಎಲ್ಲಾ ಕಷ್ಟಕ್ಕೂ ಒಂದೇ ಮದ್ದು. "ತಗದ್ ಒಗಿ ಅದನ್ನ! ತೋಳಾಗ ತಾಕತ್ ಇಲ್ಲೇನ್ ನಿನಗ? ಪಂಪ್ ಬ್ಯಾಡ, ಎಣ್ಣಿ ಬ್ಯಾಡ, ಬೆಲ್ಟ್ ಬ್ಯಾಡ, ರಸ್ತಾ ಹೆಂಗ ಐತಿ ಅಂತ ಸೀದಾ ಕೈಗೇ ತಿಳೀತದ." ಮಾತು ಸುಳ್ಳಲ್ಲ, ಪವರ್ ಇಲ್ಲದ ಸ್ಟೀರಿಂಗಲ್ಲಿ ಟೈರು ಜಾರೋದು ಬೆರಳಿಗೇ ಗೊತ್ತಾಗುತ್ತೆ. ಫಾರ್ಮುಲಾ 1ಕ್ಕೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2 ರೇಸ್ ಕಾರಲ್ಲೂ ಪವರ್ ಸ್ಟೀರಿಂಗ್ ಇಲ್ಲ, ನಮ್ಮ ಬೆಂಗಳೂರಿನ ಹುಡುಗ ಕುಶ್ ಮೈನಿ ಅದನ್ನ ತೋಳ್ಬಲದಲ್ಲೇ ತಿರುಗಿಸಿದ್ದು. ಆದ್ರೆ ಆ ಹುಡುಗನ ಕುತ್ತಿಗೆ ನೋಡಿ, ಆಮೇಲೆ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಬಾಗಿರೋ ನನ್ನ ಕುತ್ತಿಗೆ ನೋಡಿ.

ಅಲ್ಲದೆ ತೆಗೆದೊಗೆಯೋದು ಅಂದ್ರೆ ಅವನು ಹೇಳಿದಷ್ಟು ಸಲೀಸಲ್ಲ. ಪಂಪು ಕಿತ್ತು, ಎರಡು ಪೈಪನ್ನ ಒಂದಕ್ಕೊಂದು ಸೇರಿಸಿ ಬಿಟ್ರೆ ಆಯ್ತು ಅಂತಾರೆ ಜನ, ಆಗ ರ‍್ಯಾಕ್ ಒಳಗಿರೋ ಪಿಸ್ಟನ್ನು ಮಿಕ್ಕ ಎಣ್ಣೆನ ಆ ಕಡೆ ಈ ಕಡೆ ತಳ್ತಾ ಕೂತಿರುತ್ತೆ, ಅದನ್ನ ತಳ್ಳಿಸೋರು ನೀವೇ. ಮೊದಲೇ ಪವರ್ ಇಲ್ದೆ ಬಂದ ಕಾರಿಗಿಂತ ಭಾರ. ಸರಿಯಾಗಿ ಮಾಡ್ಬೇಕು ಅಂದ್ರೆ ರ‍್ಯಾಕ್ ಪೂರ್ತಿ ಬಿಚ್ಚಿ, ಒಳಗಿನ ಸೀಲ್ ತೆಗೆದು, ಆಗ್ಲೇ ಹೇಳಿದ್ನಲ್ಲ ತಿರುಚಿಕೊಳ್ಳೋ ಸರಳು, ಅದು ಅಲ್ಲಾಡದ ಹಾಗೆ ವೆಲ್ಡ್ ಮಾಡಿಸಿ, ಗ್ರೀಸ್ ತುಂಬಿ ಮತ್ತೆ ಜೋಡಿಸ್ಬೇಕು. ಇನ್ನೊಂದು ವಿಷಯ ಅವನು ಯಾವತ್ತೂ ಎತ್ತಲ್ಲ. ಪವರ್ ಇರೋ ರ‍್ಯಾಕ್ ಚುರುಕು, ಈ ತುದಿಯಿಂದ ಆ ತುದಿಗೆ 2.8 ಸುತ್ತು, ಅವನದ್ದಕ್ಕೆ ಮೂರು ಸುತ್ತಿಗೂ ಜಾಸ್ತಿ ಬೇಕು. ಕೋನು ಸಾಲಿನ ನಡುವೆ ಅವನ ಕೈ ಓಡಾಡೋದು ನೋಡಿದ್ರೆ ಬಾವಿಯಿಂದ ನೀರು ಸೇದ್ತಿದಾನೆ ಅನ್ಸುತ್ತೆ. ನಾನಂತೂ ತೆಗೆಯಲ್ಲ. ಉಕ್ಕಲಿ, ಹೊಗೆ ಬರಲಿ, ಹಗುರವಾದ ಸ್ಟೀರಿಂಗ್ ನನಗೆ ಬೇಕು, ಅದರಲ್ಲಿ ನಾಚ್ಕೊಳ್ಳೋದೇನೂ ಇಲ್ಲ.

ಆಫೀಸಲ್ಲಿ ಒಬ್ಬ ಹುಡುಗ ಹೊಸಾ ಎಲೆಕ್ಟ್ರಿಕ್ ಸ್ಟೀರಿಂಗ್ ಇರೋ ಕಾರ್ ತಗೊಂಡು "ಸರ್ ನನಗೆ ಈ ಎಣ್ಣೆ ರಗಳೆನೇ ಇಲ್ಲ" ಅಂತಿರ್ತಾನೆ. ಅದರ ಮೋಟರೂ ಬಿಸಿ ಆದ್ರೆ ತನ್ನನ್ನ ತಾನು ಉಳಿಸ್ಕೊಳ್ಳೋಕೆ ಸಹಾಯ ಕಮ್ಮಿ ಮಾಡುತ್ತೆ ಕಣಪ್ಪ ಅಂತ ನಾನು ಹೇಳಿಲ್ಲ. ಗೊತ್ತಾಗಲಿ.

ಕೊನೆಗೆ ರೋಗ ಸಿಕ್ಕಿದ್ದು ಶಬ್ದದಿಂದ. ಬೆಳಿಗ್ಗೆ ಸ್ಟಾರ್ಟ್ ಮಾಡಿ ತಿರುಗಿಸಿದ್ರೆ ಗುಂಯ್ಯ್ ಅನ್ನೋದು, ಡಬ್ಬಿ ತೆರೆದ್ರೆ ಎಣ್ಣೆ ಕೆಂಪಗಿಲ್ಲ, ಗುಲಾಬಿ ನೊರೆ. ಅಂದ್ರೆ ಒಳಗೆ ಗಾಳಿ ಹೋಗ್ತಿದೆ. ಪಂಪಿಂದ ಮುಂದಕ್ಕೆ ತೂತಾದ್ರೆ ಎಣ್ಣೆ ಹೊರಗೆ ಬರುತ್ತೆ, ಕಣ್ಣಿಗೆ ಕಾಣುತ್ತೆ, ಆದ್ರೆ ಪಂಪು ಎಳ್ಕೊಳ್ಳೋ ಕಡೆ ಸಡಿಲ ಇದ್ರೆ ಅಲ್ಲಿಂದ ಗಾಳಿನೇ ಒಳಗೆ ಹೋಗುತ್ತೆ, ಅಲ್ಲಿ ಹನಿ ಇಲ್ಲ ಕಲೆ ಇಲ್ಲ. ನೆಲಕ್ಕೆ ಬಿದ್ದಿದ್ದೆಲ್ಲ ಆ ನೊರೆ ಉಕ್ಕಿ ಮುಚ್ಚಳದಿಂದ ಇಳಿದದ್ದು. ಪಕ್ಕದ ಮನೆಯವರು ಲೀಕ್ ನಿಲ್ಲಿಸೋ ಔಷಧಿ ಬಾಟ್ಲಿ ತಂದುಕೊಟ್ಟಿದ್ರು, ರಬ್ಬರ್ ಉಬ್ಬಿಸೋ ದ್ರಾವಣ ಅದು, ಥ್ಯಾಂಕ್ಸ್ ಹೇಳಿ ಶೆಲ್ಫ್ ಮೇಲಿಟ್ಟೆ. ಆ ಕಡೆಯ ಪೈಪ್ ಬಿಚ್ಚಿ ನೋಡಿದ್ರೆ ಒಳಗಿನ ಓ-ರಿಂಗು, ಅಂದ್ರೆ ಸಂದಿ ಮುಚ್ಚೋ ರಬ್ಬರ್ ಬಳೆ, ಚಕ್ಕುಲಿ ಮುರಿದಷ್ಟು ಸುಲಭಕ್ಕೆ ಮುರೀತು. ಹೊಸದು ಒಂದು ಕಾಫಿ ಬೆಲೆಯೂ ಇಲ್ಲ.

ಓ-ರಿಂಗ್ ಹಾಕಿದ ಮೇಲೆ ಗಾಳಿ ತೆಗೀಬೇಕಲ್ಲ. ಮುಂದಿನ ಚಕ್ರ ಎರಡೂ ನೆಲ ಬಿಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಎಂಜಿನ್ ಆಫ್ ಇಟ್ಟು, ಸ್ಟೀರಿಂಗನ್ನ ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ತಿರುಗಿಸ್ತಾ ಇರ್ಬೇಕು, ಗುಳ್ಳೆ ಬರುತ್ತೆ, ಎಣ್ಣೆ ಇಳಿಯುತ್ತೆ, ಮತ್ತೆ ತುಂಬಬೇಕು, ಗುಳ್ಳೆ ನಿಲ್ಲೋ ತನಕ ಇದೇ. ತಿರುಗಿಸೋ ಕೆಲಸಕ್ಕೆ ಮಗಳನ್ನ ಕೂರಿಸಿದೆ. ಡ್ರೈವಿಂಗ್ ಪರ್ಮಿಟ್ ಬಂದು ವಾರ ಆಗಿತ್ತಷ್ಟೆ, ಭಾರೀ ಹುಮ್ಮಸ್ಸಲ್ಲಿ ಬಂದು ಕೂತವಳು ಸ್ವಲ್ಪ ಹೊತ್ತಿಗೆ, "ಅಪ್ಪಾ, ಕಾರ್ ಕಲಿಸ್ತೀನಿ ಅಂದ್ರಿ, ಕಾರು ಗಾಳೀಲಿದೆ, ಎಂಜಿನ್ ಆಫಿದೆ" ಅಂದ್ಳು. ಸ್ಟೀರಿಂಗ್ ಕಂಟ್ರೋಲೇ ಮೊದಲನೇ ಪಾಠ ಪುಟ್ಟಿ ಅಂತ ಸಮಾಧಾನ ಮಾಡಿದೆ. ಇಂಥದ್ದನ್ನ ನಂಬೋ ವಯಸ್ಸು ಅವಳದ್ದು ದಾಟಿದೆ.

ಇದಾದ ಮೇಲಿನ ಈವೆಂಟಿಗೆ ಹುಬ್ಬಳ್ಳಿಯವನ ಕಾರು ಕ್ಲಚ್ ಹೋಗಿ ಮನೇಲಿ ಮಲಗಿತ್ತು. ಇಲ್ಲಿ ಒಂದೇ ಕಾರನ್ನ ಇಬ್ಬರು ಹಂಚ್ಕೊಂಡು ಓಡಿಸೋದು ಮಾಮೂಲು, ನನ್ನದನ್ನೇ ಕೊಟ್ಟೆ. ಇಬ್ಬರು ಬೆನ್ನಿಗೆ ಬೆನ್ನು ಓಡಿಸಿದ್ರೆ ಎಣ್ಣೆಗೆ ತಣ್ಣಗಾಗೋಕೆ ಪುರುಸೊತ್ತಿರಲ್ಲ, ಹಾಗಾಗಿ ಮಧ್ಯೆ ಮಧ್ಯೆ ಬಾನೆಟ್ ತೆಗೆದು ಗಾಳಿ ಬೀಸೋ ಕೆಲಸ ನಂದು. ಅವನು ಹೋಗಿ ಬಂದ, ನನಗಿಂತ ಅರ್ಧ ಸೆಕೆಂಡ್ ಫಾಸ್ಟು, ಒಂದು ಕೋನೂ ಬಿದ್ದಿಲ್ಲ. ಇಳಿದು ಹೆಲ್ಮೆಟ್ ತೆಗೆದು ಕೈ ನೋಡ್ಕೊಂಡ. "ಏನೂ ತಿಳಿಲೇ ಇಲ್ಲಪಾ ಕೈಗೆ" ಅಂದ. ಮತ್ತೆ ಒಂದು ಗುಟುಕು ನೀರು ಕುಡಿದು, "ಇನ್ನೊಂದ್ ರನ್ ಐತಲಾ ನಂದು?" ಅಂದ.

ಎಣ್ಣೆ ಉಕ್ಕಲಿಲ್ಲ, ಆದ್ರೆ ಡಬ್ಬಿ ಮುಟ್ಟಿದ್ರೆ ಕೈ ಸುಡ್ತಿತ್ತು. ಹಾಗಾಗಿ ಈ ಚಳಿಗಾಲದಲ್ಲಿ ವಾಪಸ್ ಬರೋ ಪೈಪಿಗೆ ಒಂದು ಚಿಕ್ಕ ಆಯಿಲ್ ಕೂಲರ್ ಹಾಕೋಣ ಅಂತ ಆರ್ಡರ್ ಮಾಡ್ದೆ. ಬೆಲ್ಟೂ ಹಳೇದು, ಅದನ್ನೂ ತರಿಸ್ದೆ. ಈ ಕಾರಲ್ಲಿ ಎಸಿಗೂ ಪವರ್ ಸ್ಟೀರಿಂಗಿಗೂ ಒಂದೇ ಬೆಲ್ಟು, ಎಸಿ ಗ್ಯಾಸ್ ಹೋಗಿ ಯಾವ ಕಾಲವೋ ಆಯ್ತು, ಕಂಪ್ರೆಸರ್ ಕಿತ್ತಾಕಿ ಗಿಡ್ಡ ಬೆಲ್ಟ್ ಹಾಕಿದ್ರೆ ತೂಕನೂ ಕಮ್ಮಿ ಆಗುತ್ತೆ ಅಂತ ನನ್ನ ಲೆಕ್ಕ. ಪಾರ್ಸೆಲ್ ಬಂದಾಗ ಮನೇಲಿದ್ದಿದ್ದು ನನ್ನ ಹೆಂಡತಿ. ಸಂಜೆ ಬಂದೋನಿಗೆ ಕಾಫಿ ಕೊಟ್ಟು, ಡಬ್ಬ ಮುಂದಿಟ್ಟು, ಮೇಲಿನ ಚೀಟಿ ಓದಿದ್ಲು.

"ಅಲ್ಲ ರೀ, ಸ್ಟೀರಿಂಗಿಗೆ ಕೂಲರ್ ಹಾಕಿಸ್ತೀರಾ, ಪಕ್ಕದಲ್ಲಿ ಕೂರೋಳಿಗೆ ಇರೋ ಎಸಿನೂ ಕೀಳ್ತೀರಾ?"

ಕಂಪ್ರೆಸರ್ ಸದ್ಯಕ್ಕೆ ಕಾರಲ್ಲೇ ಇದೆ, ಉದ್ದದ ಬೆಲ್ಟ್ ಹುಡುಕ್ತಿದೀನಿ.